ಕೋಟೆಯ ದಕ್ಷಿಣದ ಊರು

ಊರೆಂದರೆ ಏನು ಎಂದು ಯಾರಾದರೂ ಕೇಳಿದರೆ, ಮನೆಗಳ ಸಮೂಹವೆಂದು ನಾವು ಥಟ್ಟನೆ ಉತ್ತರ ಕೊಟ್ಟುಬಿಡುತ್ತೇವೆ. ಮೇಲುನೋಟಕ್ಕೆ ಈ ಉತ್ತರದಲ್ಲಿ ತಪ್ಪೇನೂ ಕಾಣದು. ಆದರೆ ಸರ್ಕಾರವೊಂದು ಇದನ್ನೇ ನಂಬಿ, ಲಕ್ಷ ಜನರನ್ನು ಲಾರಿಗಳಲ್ಲಿ ತಂದು, ಮರ ಕಡಿದ ಗುಡ್ಡಗಳ ಮೇಲೆ ಇಳಿಸಿ, ಇದೇ ನಿಮ್ಮ ಊರು ಎಂದು ಹೇಳಿ ಹೊರಟುಹೋದರೆ ಅಲ್ಲಿ ಊರು ಹುಟ್ಟೀತೆ? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ದಕ್ಷಿಣ ಕೊರಿಯದ ರಾಜಧಾನಿಯಾದ ಸಿಯೋಲಿನ ಪಕ್ಕದಲ್ಲಿ ಇಂತಹ ಪ್ರಯೋಗವೊಂದು ನಿಜವಾಗಿಯೂ ನಡೆಯಿತು. ಇಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಸೊಂಗ್‌ನಾಮ್ ನಗರ ಹುಟ್ಟಿದುದು ಹಾಗೆ.

ವಿಶೇಷವೇನೆಂದರೆ, ಇಪ್ಪತ್ತು ವರ್ಷಗಳ ತರುವಾಯ ಅದೇ ನಗರದ ಎಲ್ಲೆಯೊಳಗೆ ಎರಡನೆಯ ಪ್ರಯೋಗವೊಂದು ನಡೆಯಿತು. ಅದರ ರೀತಿ ಮೊದಲನೆಯದಕ್ಕೆ ತೀರ ವಿರುದ್ಧವಾದುದು. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಬದಲಿಸಿ, ಎರಡು ಫಲಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದ ಕ್ರಮ. ನಗರಗಳ ವಿಷಯದಲ್ಲಿ ಅಂತಹ ಅವಕಾಶ ಬಹು ವಿರಳ. ಸೊಂಗ್‌ನಾಮ್ ಅದನ್ನು ಬಹುಮಟ್ಟಿಗೆ ಒದಗಿಸಿದೆ.

ಹೆಸರು ಮತ್ತು ನೆಲ

ಸೊಂಗ್ ಎಂದರೆ ಕೋಟೆ, ನಾಮ್ ಎಂದರೆ ದಕ್ಷಿಣ. ಕೋಟೆಯ ದಕ್ಷಿಣಕ್ಕಿರುವ ಊರೆಂಬುದೇ ಹೆಸರಿನ ಅರ್ಥ. ಆ ಕೋಟೆ ನಾಮ್‌ಹಾನ್‌ಸಾನ್‌ಸೊಂಗ್ ಎಂಬ ಗಿರಿದುರ್ಗ. ಇದರ ಇಂದಿನ ಗೋಡೆಗಳ ಮುಖ್ಯ ಭಾಗವನ್ನು ಕಟ್ಟಿದುದು ೧೬೨೪ರಿಂದ ೧೬೨೬ರವರೆಗೆ. ೧೬೩೬ರ ಚಳಿಗಾಲದಲ್ಲಿ ಮಂಚೂ ಸೈನ್ಯ ದಂಡೆತ್ತಿ ಬಂದಾಗ ಇಂಜೊ ದೊರೆ ತನ್ನ ಪರಿವಾರದೊಡನೆ ಈ ದುರ್ಗವನ್ನು ಹೊಕ್ಕನು. ಗೋಡೆ ಭದ್ರವಾಗಿಯೇ ಇದ್ದಿತು. ಆದರೆ ಹೊರಗಿನಿಂದ ನೆರವು ಬರಲಿಲ್ಲ. ಒಳಗಿನ ದವಸ ಮುಗಿಯುತ್ತ ಬಂದಿತು. ಸುಮಾರು ಒಂದೂವರೆ ತಿಂಗಳ ಮೇಲೆ, ೧೬೩೭ರಲ್ಲಿ, ದೊರೆ ಕೆಳಗಿಳಿದು ಬಂದು ಶರಣಾದನು. ಗೋಡೆ ಎಷ್ಟೇ ಗಟ್ಟಿಯಾಗಿರಲಿ, ಒಳಗಿರುವವರಿಗೆ ಬೇಕಾದುದೆಲ್ಲ ಹೊರಗಿನಿಂದ ಬರಬೇಕು ಎಂಬ ಪಾಠವನ್ನು ಈ ಬೆಟ್ಟ ಅಂದೇ ಕಲಿಸಿದ್ದಿತು. ಯುನೆಸ್ಕೊ ಸಂಸ್ಥೆ ೨೦೧೪ರಲ್ಲಿ ಈ ದುರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ದುರ್ಗದ ಕೆಳಗಣ ಬಯಲಿನಲ್ಲಿ ತಾನ್‌ಚೊನ್ ಎಂಬ ತೊರೆ ಉತ್ತರಾಭಿಮುಖವಾಗಿ ಹರಿದು ಹಾನ್ ನದಿಯನ್ನು ಸೇರುತ್ತದೆ. ತಾನ್‌ಚೊನ್ ಎಂದರೆ ಇದ್ದಿಲ ಹೊಳೆ. ಇದರ ವಿಷಯವಾಗಿ ಸೊಗಸಾದ ಜನಪದ ಕಥೆಯೊಂದುಂಟು. ನಮ್ಮ ಪ್ರಭವಾದಿ ಅರವತ್ತು ಸಂವತ್ಸರಗಳಂತೆಯೇ ಕೊರಿಯದವರಿಗೂ ಅರವತ್ತು ವರ್ಷಗಳ ಚಕ್ರವಿದೆ. ಅಂತಹ ಮೂರು ಸಾವಿರ ಚಕ್ರಗಳ ಕಾಲ, ಎಂದರೆ ೧,೮೦,೦೦೦ ವರ್ಷ, ಯಮದೂತರ ಕೈಗೆ ಸಿಗದೆ ಬದುಕಿದ್ದ ದೊಂಗ್‌ಬಾಂಗ್‌ಸಾಕ್ ಎಂಬುವನೊಬ್ಬನಿದ್ದನಂತೆ. ಅವನನ್ನು ಹಿಡಿಯಲು ಬಂದ ದೂತನು ಹೊಳೆಯ ದಡದಲ್ಲಿ ಕುಳಿತು ಇದ್ದಿಲನ್ನು ತೊಳೆಯತೊಡಗಿದನು. ದಾರಿಹೋಕನೊಬ್ಬ ನಿಂತು ಕಾರಣ ಕೇಳಿದಾಗ, ಬೆಳ್ಳಗಾಗಲೆಂದು ತೊಳೆಯುತ್ತಿದ್ದೇನೆ ಎಂದನು. ಇಷ್ಟು ಸಾವಿರ ವರ್ಷ ಬದುಕಿದರೂ ಇದ್ದಿಲು ತೊಳೆಯುವ ಮೂಢನನ್ನು ಕಂಡಿರಲಿಲ್ಲವೆಂದು ದಾರಿಹೋಕ ನಕ್ಕನು. ಗುಟ್ಟು ರಟ್ಟಾಯಿತು, ಸಿಕ್ಕಿಬಿದ್ದನು. ಇದ್ದಿಲನ್ನು ತೊಳೆದು ಬಿಳಿದು ಮಾಡುವೆವೆಂದು ಹೊರಟ ಇನ್ನೊಂದು ಕಾರ್ಯ ಇದೇ ಹೊಳೆಯ ದಡದ ಗುಡ್ಡಗಳ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು.

ಊರಿನ ಅಳತೆ ಮತ್ತು ಕಾಲಿನ ವೇಗ

ಕೊರಿಯದ ಯುದ್ಧ ೧೯೫೩ರಲ್ಲಿ ನಿಂತಾಗ ಸಿಯೋಲ್ ಬಹುಪಾಲು ಹಾಳುಬಿದ್ದಿದ್ದಿತು. ೧೯೬೦ರಲ್ಲಿ ಅದರ ಜನಸಂಖ್ಯೆ ಸುಮಾರು ೨೪ ಲಕ್ಷ. ೧೯೭೦ರಲ್ಲಿ ಸುಮಾರು ೫೫ ಲಕ್ಷ. ಹತ್ತೇ ವರ್ಷಗಳಲ್ಲಿ ಎರಡು ಪಟ್ಟಿಗೂ ಮೀರಿದ ಬೆಳವಣಿಗೆ. ಹಳ್ಳಿಗಳಿಂದ ಕೂಲಿ ಹುಡುಕಿ ಬಂದವರಿಗೆ ಬಾಡಿಗೆಯ ಮನೆ ಎಟುಕುತ್ತಿರಲಿಲ್ಲ. ಚೊಂಗ್‌ಗ್ಯೆಚೊನ್ ಹೊಳೆಯ ಅಂಚಿನಲ್ಲಿ, ರೈಲುಹಾದಿಯ ಪಕ್ಕದಲ್ಲಿ, ಗುಡ್ಡಗಳ ಇಳಿಜಾರಿನಲ್ಲಿ ಹಲಗೆ, ತಗಡುಗಳ ಗುಡಿಸಲುಗಳು ಸಾಲುಗಟ್ಟಿದುವು.

ಅವರು ನಗರದ ನಡುವೆಯೇ ಏಕೆ ಇಕ್ಕಟ್ಟಿನಲ್ಲಿ ನೆಲಸಬೇಕು? ದೂರ ಹೋದರೆ ಬೇಕಾದಷ್ಟು ನೆಲವಿಲ್ಲವೆ? ಈ ಪ್ರಶ್ನೆಗೆ ಭೌತವಿಜ್ಞಾನಿಯೊಬ್ಬರು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಸಾರಿಗೆ ತಜ್ಞ ಯಾಕೊವ್ ಜಹಾವಿ ಅವರ ಸಂಶೋಧನೆಗಳನ್ನು ಆಧರಿಸಿ ಇಟಲಿಯ ಚೆಸಾರೆ ಮಾರ್ಕೆಟ್ಟಿ ೧೯೯೪ರಲ್ಲಿ ಹೀಗೆ ವಾದಿಸಿದರು: ಯಾವ ದೇಶದಲ್ಲಾಗಲಿ, ಯಾವ ಕಾಲದಲ್ಲಾಗಲಿ, ಮನುಷ್ಯನು ಓಡಾಟಕ್ಕಾಗಿ ದಿನಕ್ಕೆ ಸರಾಸರಿ ಒಂದು ಗಂಟೆಯನ್ನು ಮಾತ್ರ ವ್ಯಯಿಸುತ್ತಾನೆ, ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಇದು ಗುರುತ್ವದ ನಿಯಮದಂತೆ ಕಟ್ಟುನಿಟ್ಟಾದುದಲ್ಲ. ಆದರೂ ಸ್ಥೂಲವಾದ ಲೆಕ್ಕಕ್ಕೆ ಬಹಳ ಉಪಯುಕ್ತ.

ನಾವೇ ಲೆಕ್ಕ ಮಾಡಿ ನೋಡೋಣ. ನಡಿಗೆಯ ವೇಗ ಗಂಟೆಗೆ ೫ ಕಿಲೋಮೀಟರ್. ಅರ್ಧ ಗಂಟೆಯಲ್ಲಿ ೨.೫ ಕಿಲೋಮೀಟರ್. ಅದನ್ನೇ ತ್ರಿಜ್ಯವಾಗಿಟ್ಟುಕೊಂಡರೆ ವರ್ತುಲದ ವಿಸ್ತೀರ್ಣ ಸುಮಾರು ೧೯.೬ ಚದರ ಕಿಲೋಮೀಟರ್. ಕಾಲ್ನಡಿಗೆಯ ಊರು ಇದಕ್ಕಿಂತ ದೊಡ್ಡದಾಗಲಾರದು. ಗಂಟೆಗೆ ೩೦ ಕಿಲೋಮೀಟರ್ ಓಡುವ ವಾಹನ ದೊರೆತರೆ ತ್ರಿಜ್ಯ ಆರು ಪಟ್ಟು, ವಿಸ್ತೀರ್ಣ ಮೂವತ್ತಾರು ಪಟ್ಟು, ಎಂದರೆ ಸುಮಾರು ೭೦೦ ಚದರ ಕಿಲೋಮೀಟರ್ ಆಗುತ್ತದೆ. ಇಂದಿನ ಸಿಯೋಲಿನ ವಿಸ್ತೀರ್ಣ ೬೦೫ ಚದರ ಕಿಲೋಮೀಟರ್ ಎಂಬುದನ್ನು ಗಮನಿಸಿದರೆ ಲೆಕ್ಕ ತೀರ ಹುಸಿಯಲ್ಲವೆಂದು ತಿಳಿದೀತು. ಉಪನಗರವನ್ನು ಹುಟ್ಟಿಸುವುದು ವೇಗ. ವೇಗದ ವಾಹನವಿಲ್ಲದವನಿಗೆ ದೂರದ ಅಗ್ಗದ ನೆಲ ಇದ್ದೂ ಇಲ್ಲದಂತೆಯೇ.

ಮೊದಲನೆಯ ಪ್ರಯೋಗ

ಸಿಯೋಲಿನ ಆಡಳಿತ ಈ ಲೆಕ್ಕವನ್ನು ಮಾಡಲಿಲ್ಲ. ಗುಡಿಸಲುಗಳನ್ನು ಕೆಡವಬೇಕೆಂಬುದು ಮಾತ್ರ ಅದರ ನಿಶ್ಚಯ. ನಗರದೊಳಗಿನ ಗುಡ್ಡಗಳ ಮೇಲೆಯೇ ಅವಸರದಲ್ಲಿ ಕಟ್ಟಿದ ಮಹಡಿಮನೆಗಳಲ್ಲೊಂದು, ವಾವು ಎಂಬಲ್ಲಿ, ೧೯೭೦ರ ಏಪ್ರಿಲ್ ೮ರಂದು ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಮೇಯರು ರಾಜೀನಾಮೆ ಕೊಡಬೇಕಾಯಿತು. ಇನ್ನೊಂದು ಯೋಜನೆ ೧೯೬೮ರಲ್ಲೇ ಪ್ರಾರಂಭವಾಗಿದ್ದಿತು. ಹೊಳೆಯಂಚಿನ ಜನರನ್ನು ಸುಮಾರು ೨೦ ಕಿಲೋಮೀಟರ್ ಆಚೆಗೆ, ಗ್ಯೊಂಗಿ ಪ್ರಾಂತದ ಗ್ವಾಂಗ್‌ಜು ತಾಲ್ಲೂಕಿನ ಗುಡ್ಡಗಳಿಗೆ ಸಾಗಿಸುವುದೇ ಆ ಯೋಜನೆ. ಈ ಗ್ವಾಂಗ್‌ಜು ಬೇರೆ, ೧೯೮೦ರ ದಂಗೆಯಿಂದ ಪ್ರಸಿದ್ಧವಾದ ನೈಋತ್ಯದ ಗ್ವಾಂಗ್‌ಜು ಮಹಾನಗರ ಬೇರೆ.

ಸಾಗಣೆ ೧೯೬೯ರಲ್ಲಿ ಮೊದಲಾಯಿತು. ಪ್ರತಿ ಸಂಸಾರಕ್ಕೆ ೨೦ ಪ್ಯೊಂಗ್ ನೆಲ ಗೊತ್ತುಮಾಡಿದ್ದರು. ಪ್ಯೊಂಗ್ ಎಂಬುದು ೩.೩ ಚದರ ಮೀಟರಿಗೆ ಸಮನಾದ ಕೊರಿಯದ ಅಳತೆ. ೨೦ ಪ್ಯೊಂಗ್ ಎಂದರೆ ೬೬ ಚದರ ಮೀಟರ್, ನಮ್ಮ ಊರುಗಳ ಇಪ್ಪತ್ತು ಮೂವತ್ತರ ನಿವೇಶನಕ್ಕಿಂತ ಸ್ವಲ್ಪ ಹೆಚ್ಚು. ನಕ್ಷೆಯ ಮೇಲೆ ಗೆರೆಗಳನ್ನೆಳೆದವರು ಗುಡ್ಡದ ಏರಿಳಿತವನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಬೀದಿಗಳು ಕಡಿದಾದ ಇಳಿಜಾರಿನಲ್ಲಿ ನೇರವಾಗಿ ಮೇಲೇರಿದುವು. ಜನ ಬಂದಾಗ ಅಲ್ಲಿ ಮನೆಯಿರಲಿಲ್ಲ, ಡೇರೆಗಳಿದ್ದುವು. ಕುಡಿಯುವ ನೀರು, ಚರಂಡಿ, ಶೌಚಗೃಹ ಯಾವುದೂ ಸಾಲದಾಯಿತು, ರೋಗಗಳು ಹರಡಿದುವು.

ಗುಡ್ಡದ ಮೇಲಣ ಊರಿಗೆ ನೀರಿನ ಕೊಳವೆ ಇಲ್ಲದಿದ್ದರೆ ಏನು ಕಷ್ಟವೆಂಬುದನ್ನು ಹೈಸ್ಕೂಲಿನ ಸೂತ್ರದಿಂದಲೇ ತಿಳಿಯಬಹುದು. ೫೦ ಕಿಲೋಗ್ರಾಂ ತೂಕದ ಹೆಂಗಸೊಬ್ಬಳು ೨೦ ಲೀಟರ್ ನೀರನ್ನು ಹೊತ್ತು ೩೦ ಮೀಟರ್ ಎತ್ತರಕ್ಕೆ ಏರುವಳೆನ್ನೋಣ. ನೀರನ್ನು ಎತ್ತಲು ಬೇಕಾದ ಕೆಲಸ ಸುಮಾರು ೫,೯೦೦ ಜೌಲ್. ಆದರೆ ಆಕೆ ತನ್ನ ದೇಹವನ್ನೂ ಎತ್ತಬೇಕಷ್ಟೆ. ಅದಕ್ಕೆ ೧೪,೭೦೦ ಜೌಲ್. ಪಟ್ಟ ಶ್ರಮದಲ್ಲಿ ಮೂರನೆಯ ಒಂದು ಪಾಲು ಕೂಡ ನೀರಿಗೆ ಸಲ್ಲಲಿಲ್ಲ. ಪಂಪು ಮತ್ತು ಕೊಳವೆಗಳಾದರೋ ಅದೇ ಕಾರ್ಯಕ್ಕೆ ಮೂರು ವಾಯುಭಾರದಷ್ಟು ಹೆಚ್ಚಿನ ಒತ್ತಡವನ್ನು ಮಾತ್ರ ಬೇಡುತ್ತವೆ. ಸಾರ್ವಜನಿಕ ವ್ಯವಸ್ಥೆ ಇಲ್ಲದ ಕಡೆ ಅದರ ವೆಚ್ಚ ಉಳಿಯುವುದಿಲ್ಲ. ಬಡವರ ಸೊಂಟಕ್ಕೆ ವರ್ಗವಾಗುತ್ತದೆ.

ನೀರಿಗಿಂತ ದೊಡ್ಡ ಕೊರತೆ ಕೆಲಸದ್ದು. ಕಾರ್ಖಾನೆಗಳು ಬರುವುವೆಂಬ ಭರವಸೆಯಿದ್ದಿತು, ಸಾಕಷ್ಟು ಕಾರ್ಖಾನೆಗಳು ಬರಲಿಲ್ಲ. ಕೂಲಿಯೆಲ್ಲ ಸಿಯೋಲಿನಲ್ಲಿ. ನಡೆದರೆ ನಾಲ್ಕು ಗಂಟೆಯ ಹಾದಿ. ಬಸ್ಸಿಗೆ ದಿನಗೂಲಿಯ ಒಂದು ಪಾಲು ತೆರಬೇಕು. ಆದುದರಿಂದ ಅನೇಕರು ತಮಗೆ ಸಿಕ್ಕಿದ ನಿವೇಶನದ ಚೀಟಿಯನ್ನು ಮಾರಿ ಸಿಯೋಲಿನ ಗುಡಿಸಲುಗಳಿಗೇ ಹಿಂದಿರುಗಿದರು. ಚೀಟಿಯನ್ನು ಕೊಂಡವರಲ್ಲಿ ಲಾಭಕೋರರಿದ್ದಂತೆ ಬಡವರೂ ಇದ್ದರು. ಆಡಳಿತವು ತಾನು ಕರೆತಂದವರಿಂದ ಪ್ಯೊಂಗೊಂದಕ್ಕೆ ೨,೦೦೦ ವೋನ್ ಮಾತ್ರ ಕೇಳಿದ್ದಿತು. ೧೯೭೧ರ ಬೇಸಗೆಯಲ್ಲಿ ಚೀಟಿ ಕೊಂಡವರಿಗೆ ಅದೇ ನೆಲಕ್ಕೆ ೮,೦೦೦ದಿಂದ ೧೬,೦೦೦ ವೋನ್‌ವರೆಗೆ ಒಂದೇ ಗಂಟಿನಲ್ಲಿ ಕಟ್ಟಬೇಕೆಂಬ ಆಜ್ಞೆ ಹೊರಟಿತು. ಜೊತೆಗೆ ಪ್ರಾಂತದ ತೆರಿಗೆಯ ಚೀಟಿಯೂ ಬಂದಿತು.

೧೯೭೧ರ ಆಗಸ್ಟ್ ೧೦ರಂದು ಸಿಯೋಲಿನ ಮೇಯರು ಜನರನ್ನು ಭೇಟಿಯಾಗುವರೆಂದು ಗೊತ್ತಾಗಿದ್ದಿತು. ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ಹತ್ತಾರು ಸಾವಿರ ಜನ ಸೇರಿದ್ದರು. ಹೇಳಿದ ಹೊತ್ತಿಗೆ ಮೇಯರು ಬರಲಿಲ್ಲ. ಕಾದು ಬೇಸತ್ತ ಜನ ಯೋಜನೆಯ ಕಚೇರಿಗೆ ನುಗ್ಗಿ ಬೆಂಕಿಯಿಟ್ಟರು, ವಾಹನಗಳನ್ನು ಸುಟ್ಟರು. ನೆಲದ ಬೆಲೆ ಇಳಿಯಬೇಕು, ತೆರಿಗೆ ಮಾಫಿಯಾಗಬೇಕು, ದುಡಿಯಲು ಕೆಲಸ ಬೇಕು, ಇವು ಅವರ ಬೇಡಿಕೆಗಳು. ಸಂಜೆಯ ವೇಳೆಗೆ ಆಡಳಿತ ಅವುಗಳನ್ನು ಒಪ್ಪಿಕೊಂಡಿತು. ಆದರೂ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಕಾದಂಬರಿಕಾರ ಯುನ್ ಹುಂಗ್‌ಗಿಲ್ ೧೯೭೭ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಥೆಯೊಂದರ ನಾಯಕ ಈ ಘಟನೆಯಲ್ಲಿ ಸಿಕ್ಕಿ ಬಾಳು ಕೆಟ್ಟವನು. ಬಹುಕಾಲ ದೊಂಬಿಯೆಂದೇ ಕರೆಯಲ್ಪಟ್ಟ ಈ ಘಟನೆಗೆ ಅದರ ಐವತ್ತನೆಯ ವರ್ಷವಾದ ೨೦೨೧ರಲ್ಲಿ ಸೊಂಗ್‌ನಾಮ್ ನಗರಾಡಳಿತವೇ ಜನರ ಹಕ್ಕಿನ ಚಳುವಳಿ ಎಂಬ ಹೆಸರನ್ನಿಟ್ಟಿತು.

೧೯೭೩ರ ಜುಲೈ ೧ರಂದು ಈ ಗುಡ್ಡಗಳ ನೆಲೆ ಸೊಂಗ್‌ನಾಮ್ ಎಂಬ ಪ್ರತ್ಯೇಕ ನಗರವಾಯಿತು. ಕಾರ್ಖಾನೆಗಳು ನಿಧಾನವಾಗಿ ಬಂದುವು. ಉತ್ತರ ಕೊರಿಯದ ಪ್ಯೊಂಗ್‌ಯಾಂಗಿನ ಗುಡ್ಡವೊಂದರ ನೆನಪಿನಿಂದ ಹೆಸರು ಪಡೆದ ಮೊರಾನ್ ಸಂತೆ, ೪ ಮತ್ತು ೯ರಿಂದ ಕೊನೆಗೊಳ್ಳುವ ತಾರೀಖುಗಳಲ್ಲಿ, ಐದು ದಿನಕ್ಕೊಮ್ಮೆ ನೆರೆಯುತ್ತ ಇಂದಿಗೂ ಮುಂದುವರಿದಿದೆ. ೧೯೭೬ರಲ್ಲಿ ಬಡ ಸಂಸಾರವೊಂದು ಈ ಊರಿಗೆ ಬಂದು ನೆಲಸಿತು. ಮಾಧ್ಯಮಿಕ ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಇಲ್ಲಿನ ಕಾರ್ಖಾನೆಗಳಲ್ಲಿ ದುಡಿದು, ಯಂತ್ರಕ್ಕೆ ಸಿಕ್ಕಿ ತೋಳು ಊನವಾದ ಆ ಮನೆಯ ಹುಡುಗ ಲೀ ಜೇ ಮ್ಯುಂಗ್ ಮುಂದೆ ವಕೀಲನಾಗಿ, ೨೦೧೦ರಿಂದ ೨೦೧೮ರವರೆಗೆ ಇದೇ ನಗರದ ಮೇಯರಾಗಿ, ೨೦೨೫ರ ಜೂನ್ ತಿಂಗಳಲ್ಲಿ ದೇಶದ ಅಧ್ಯಕ್ಷಪದವಿಗೆ ಚುನಾಯಿತರಾದರು.

ಎರಡನೆಯ ಪ್ರಯೋಗ

೧೯೭೧ರ ಜುಲೈ ೩೦ರಂದು, ಮೇಲೆ ಹೇಳಿದ ಘಟನೆಗೆ ಹನ್ನೊಂದು ದಿನ ಮೊದಲು, ಸಿಯೋಲಿನ ಸುತ್ತ ಕಟ್ಟಡಗಳಿಗೆ ಎಡೆಯಿಲ್ಲದ ಹಸುರು ಪಟ್ಟಿಯೊಂದನ್ನು ಸರ್ಕಾರ ಗೊತ್ತುಮಾಡಿದ್ದಿತು. ಸಿಯೋಲಿನ ಜನಸಂಖ್ಯೆ ೧೯೮೮ರ ಹೊತ್ತಿಗೆ ಒಂದು ಕೋಟಿಯನ್ನು ಮುಟ್ಟಿ, ಮನೆಗಳ ಬೆಲೆ ಗಗನಕ್ಕೇರಿದಾಗ, ಈ ಪಟ್ಟಿಯ ಆಚೆಗೆ ಹೊಸ ಪಟ್ಟಣಗಳನ್ನು ಕಟ್ಟಬೇಕೆಂದು ನಿರ್ಧಾರವಾಯಿತು. ಅವುಗಳಲ್ಲಿ ಅತಿ ದೊಡ್ಡದು ಸೊಂಗ್‌ನಾಮಿನ ದಕ್ಷಿಣ ಭಾಗದ ಹೊಲಗದ್ದೆಗಳಲ್ಲಿ, ತಾನ್‌ಚೊನ್ ಹೊಳೆಯ ಎರಡೂ ದಡಗಳಲ್ಲಿ ಎದ್ದ ಬುಂದಾಂಗ್. ಯೋಜನೆ ಪ್ರಕಟವಾದುದು ೧೯೮೯ರ ಏಪ್ರಿಲ್ ೨೭ರಂದು; ಮೊದಲ ಸಂಸಾರಗಳು ಬಂದಿಳಿದುದು ೧೯೯೧ರ ಸೆಪ್ಟೆಂಬರಿನಲ್ಲಿ. ೩,೯೦,೦೦೦ ಜನರಿಗೆಂದು ಲೆಕ್ಕಹಾಕಿದ ಈ ಪಟ್ಟಣದ ವಿಸ್ತೀರ್ಣ ೧೯.೬ ಚದರ ಕಿಲೋಮೀಟರ್. ಹಿಂದೆ ನಾವು ಕಾಲ್ನಡಿಗೆಯ ಊರಿಗೆ ಪಡೆದ ಸಂಖ್ಯೆಯೇ ಇಲ್ಲಿಯೂ ಬಂದಿರುವುದು ಆಕಸ್ಮಿಕ. ಆದರೂ ನೆನಪಿಡಲು ಅನುಕೂಲ.

ಬುಂದಾಂಗಿನಲ್ಲಿ ರಸ್ತೆ, ನೀರು, ಶಾಲೆ, ಉದ್ಯಾನಗಳಿಗೆ ಮೊದಲೇ ಸ್ಥಳ ಗೊತ್ತಾಗಿದ್ದಿತು. ವಿಜ್ಞಾನದ ವಿದ್ಯಾರ್ಥಿಗೆ ಎಲ್ಲಕ್ಕಿಂತ ಕುತೂಹಲಕರವಾದುದು ಶಾಖದ ವ್ಯವಸ್ಥೆ. ಕೊರಿಯದ ಚಳಿಗಾಲ ಕಠಿನವಾದುದು. ನೆಲದ ಅಡಿಯಿಂದ ಮನೆಯನ್ನು ಕಾಯಿಸುವುದು ಅಲ್ಲಿನ ಪುರಾತನ ಪದ್ಧತಿ; ಇದಕ್ಕೆ ಒಂಡೊಲ್ ಎಂದು ಹೆಸರು. ಸಾಧಾರಣ ಮನೆಗಳಲ್ಲಿ ಇದಕ್ಕಾಗಿ ಕಲ್ಲಿದ್ದಲ ಪುಡಿಯ ಅಚ್ಚುಗಳನ್ನು ಉರಿಸುತ್ತಿದ್ದರು. ಗಾಳಿ ಸಾಲದೆ ಉರಿದಾಗ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೆಲದ ಬಿರುಕಿನಿಂದ ಅದು ಒಳಗೆ ನುಸುಳಿ ಮಲಗಿದವರು ಮಲಗಿದಂತೆಯೇ ಸತ್ತ ಪ್ರಸಂಗಗಳು ಆ ಕಾಲದ ಕೊರಿಯದಲ್ಲಿ ಹೇರಳ.

ಬುಂದಾಂಗಿನ ಮಹಡಿಮನೆಗಳಲ್ಲಿ ಒಲೆಗೆ ಬದಲು ಕೊಳವೆಗಳು ಬಂದುವು. ಪಟ್ಟಣದಲ್ಲೇ ಸ್ಥಾಪಿಸಿದ ವಿದ್ಯುದಾಗಾರದಲ್ಲಿ ಅನಿಲವನ್ನು ಉರಿಸಿ ಮೊದಲು ಅನಿಲ ಟರ್ಬೈನನ್ನು ತಿರುಗಿಸುತ್ತಾರೆ. ಅದರಿಂದ ಹೊರಬೀಳುವ ಬಿಸಿಗಾಳಿ ಇನ್ನೂ ನೂರಾರು ಡಿಗ್ರಿ ಕಾದಿರುವುದರಿಂದ, ಅದರಿಂದ ಆವಿಯನ್ನೆಬ್ಬಿಸಿ ಎರಡನೆಯ ಟರ್ಬೈನನ್ನು ತಿರುಗಿಸುತ್ತಾರೆ. ಆಮೇಲೂ ಉಳಿದ ಶಾಖ ನೀರಿಗೆ ಸೇರಿ ಮನೆಗಳಿಗೆ ಹರಿಯುತ್ತದೆ. ಚಳಿಗಾಲದಲ್ಲಿ ಈ ನೀರಿನ ಉಷ್ಣತೆ ೧೦೦ ಡಿಗ್ರಿಯನ್ನು ಮೀರುವುದುಂಟು. ಹಾಗಾದರೆ ಅದು ಕುದಿಯುವುದಿಲ್ಲವೆ? ಇಲ್ಲ, ಎರಡು ವಾಯುಭಾರದ ಒತ್ತಡದಲ್ಲಿ ನೀರಿನ ಕುದಿಬಿಂದು ಸುಮಾರು ೧೨೦ ಡಿಗ್ರಿ. ಸಾಧಾರಣ ವಿದ್ಯುದಾಗಾರದಲ್ಲಿ ಇಂಧನದ ಶಾಖದ ಅರ್ಧಕ್ಕೂ ಹೆಚ್ಚು ಭಾಗ ಗಾಳಿಗೋ ನದಿಗೋ ಹೋಗಿ ವ್ಯರ್ಥವಾಗುತ್ತದೆ. ಇಲ್ಲಿ ಅದರ ಬಹುಪಾಲು ಜನರ ಕಾಲಡಿಯನ್ನು ಬೆಚ್ಚಗಿಡುತ್ತದೆ. ಆದರೆ ಮನೆಗಳು ಒತ್ತಾಗಿದ್ದು, ಕೊಳವೆಗಳನ್ನು ಮನೆಗಳಿಗಿಂತ ಮೊದಲೇ ಹೂಳಿದ್ದರೆ ಮಾತ್ರ ಇದು ಸಾಧ್ಯ. ಗುಡ್ಡದ ಮೇಲಿನ ಊರಿಗೆ ಇದು ಒದಗಲಿಲ್ಲವೆಂಬುದಕ್ಕೆ ಕಾರಣ ಸ್ಪಷ್ಟ.

ಇಷ್ಟಾದರೂ ಬುಂದಾಂಗ್ ನಿರ್ದುಷ್ಟವಾಗಿರಲಿಲ್ಲ. ಸಿಯೋಲಿನ ಕಡೆಯ ರೈಲುಮಾರ್ಗ ತೆರೆದುದು ೧೯೯೪ರ ಸೆಪ್ಟೆಂಬರ್ ೧ರಂದು. ಮೊದಲು ಬಂದವರು ಮೂರು ವರ್ಷ ರಸ್ತೆಯ ದಟ್ಟಣೆಯಲ್ಲಿ ಕಷ್ಟಪಟ್ಟರು. ಕೆಲಸವೂ ಬಹುಕಾಲ ಸಿಯೋಲಿನಲ್ಲೇ ಇದ್ದುದರಿಂದ ಇದನ್ನು ಮಲಗುವ ಊರೆಂದು ಜನ ಹಾಸ್ಯ ಮಾಡಿದರು. ಈ ಕೊರತೆ ನೀಗಿದುದು ಪಕ್ಕದ ಪಾಂಗ್ಯೊ ಎಂಬಲ್ಲಿ ಪ್ರಾಂತ ಸರ್ಕಾರ ತಂತ್ರಜ್ಞಾನದ ಸಂಸ್ಥೆಗಳಿಗಾಗಿ ನೆಲವನ್ನು ಮೀಸಲಿಟ್ಟಾಗ. ಅಂತರಜಾಲದ ಮತ್ತು ಗಣಕ ಆಟಗಳ ದೊಡ್ಡ ಸಂಸ್ಥೆಗಳು ಅಲ್ಲಿಗೆ ಬಂದುವು. ೨೦೧೧ರ ಅಕ್ಟೋಬರಿನಲ್ಲಿ ಚಾಲಕನಿಲ್ಲದೆ ಓಡುವ ರೈಲು ಪಾಂಗ್ಯೊವನ್ನು ಸಿಯೋಲಿನ ಗಾಂಗ್‌ನಾಮ್ ಭಾಗಕ್ಕೆ ಜೋಡಿಸಿತು. ೨೦೨೪ರ ಮಾರ್ಚ್ ೩೦ರಂದು ಗಂಟೆಗೆ ೧೮೦ ಕಿಲೋಮೀಟರ್‌ವರೆಗೆ ಓಡಬಲ್ಲ ರೈಲು ಸೊಂಗ್‌ನಾಮಿನಲ್ಲಿ ನಿಲ್ಲತೊಡಗಿತು. ಒಂದು ಕಾಲದಲ್ಲಿ ಕೂಲಿಗಾಗಿ ಸಿಯೋಲಿಗೆ ಓಡಬೇಕಾಗಿದ್ದ ನಗರಕ್ಕೆ ಈಗ ಸಿಯೋಲಿನಿಂದಲೇ ಜನ ಕೆಲಸಕ್ಕೆ ಬರುತ್ತಾರೆ.

ಎರಡು ಫಲಗಳ ಹೋಲಿಕೆ

ಹಾಗಾದರೆ ಒಂದು ಪ್ರಯೋಗ ಸೋತಿತು, ಇನ್ನೊಂದು ಗೆದ್ದಿತು ಎಂದು ತೀರ್ಪು ಕೊಡೋಣವೆ? ಅಷ್ಟು ಅವಸರ ಸಲ್ಲದು. ಹಳೆಯ ಭಾಗದ ಎರಡು ದೊಡ್ಡ ಆಸ್ಪತ್ರೆಗಳು ೨೦೦೩ರಲ್ಲಿ ಮುಚ್ಚಿದಾಗ ಅಲ್ಲಿನ ನಿವಾಸಿಗಳು ಸುಮ್ಮನಿರಲಿಲ್ಲ. ಸಹಿಗಳನ್ನು ಸಂಗ್ರಹಿಸಿ, ನಗರಸಭೆಯಲ್ಲಿ ವರ್ಷಗಟ್ಟಲೆ ಹೋರಾಡಿ, ತಮ್ಮದೇ ಸಾರ್ವಜನಿಕ ಆಸ್ಪತ್ರೆಯೊಂದನ್ನು ಪಡೆದರು. ಅದು ೨೦೨೦ರಲ್ಲಿ ತೆರೆಯಿತು. ಏನೂ ಇಲ್ಲದ ಗುಡ್ಡದ ಮೇಲೆ ಬಂದು ನಿಂತವರು ಕೇಳಿ ಪಡೆಯುವುದನ್ನು ಮೊದಲೇ ಕಲಿತಿದ್ದರು.

ಇತ್ತ ಯೋಜಿತ ಪಟ್ಟಣಕ್ಕೂ ವಯಸ್ಸಾಯಿತು. ೧೯೯೩ರಲ್ಲಿ ಬುಂದಾಂಗಿನ ತಾನ್‌ಚೊನ್ ಹೊಳೆಗೆ ಕಟ್ಟಿದ ಜೊಂಗ್‌ಜಾ ಸೇತುವೆಯ ಕಾಲುದಾರಿ ೨೦೨೩ರ ಏಪ್ರಿಲ್ ೫ರಂದು ಮುರಿದುಬಿದ್ದು ಒಬ್ಬರು ಸತ್ತರು, ಒಬ್ಬರು ಗಾಯಗೊಂಡರು. ಹಿಮ ಕರಗಲೆಂದು ಚೆಲ್ಲುತ್ತಿದ್ದ ಉಪ್ಪು ನೀರಿನೊಡನೆ ಕಾಂಕ್ರೀಟಿನೊಳಗೆ ಇಳಿದಿದ್ದಿತು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಪ್ರತಿ ಚಳಿಗಾಲವೂ ಹೆಪ್ಪುಗಟ್ಟಿ ಕರಗಿ ಕಾಂಕ್ರೀಟು ಸಡಿಲವಾಯಿತು. ಅದಕ್ಕೂ ಒಳಗಿನ ಉಕ್ಕಿನ ಸರಳುಗಳಿಗೂ ಇದ್ದ ಹಿಡಿತ ತಪ್ಪಿತು. ಒಂದು ಕಡೆ ಮಾತ್ರ ಆಧಾರವಿದ್ದು ಹೊರಚಾಚಿದ್ದ ಕಾಲುದಾರಿಗೆ ಆ ಹಿಡಿತವೇ ಸರ್ವಸ್ವ. ನಕ್ಷೆ ಚೆನ್ನಾಗಿದ್ದರೆ ಸಾಲದು, ಕಟ್ಟಿದುದನ್ನು ಪ್ರತಿವರ್ಷ ಪರೀಕ್ಷಿಸಿ ಕಾಪಾಡಬೇಕೆಂಬುದು ಈ ಸೇತುವೆ ಕಲಿಸಿದ ಪಾಠ. ೨೦೨೪ರ ನವೆಂಬರಿನಲ್ಲಿ ಬುಂದಾಂಗಿನ ಕೆಲವು ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟಲು ಆರಿಸಲಾಯಿತು.

ಆದುದರಿಂದ ನಮ್ಮ ಮೊದಲಿನ ಪ್ರಶ್ನೆಗೆ ಮತ್ತೆ ಬರಬಹುದು. ಮನೆಯಿಂದ ಕೆಲಸಕ್ಕೆ ಹೋಗಿ ಸಂಜೆಗೆ ಮರಳಬಹುದಾದ ದಾರಿ, ಗುಡ್ಡವನ್ನೇರಿ ಬರುವ ನೀರು, ಕಾಯಿಲೆಯಾದಾಗ ಹತ್ತಿರದಲ್ಲಿ ಆಸ್ಪತ್ರೆ, ಕಟ್ಟಿದುದು ಹಳತಾದಾಗ ತಟ್ಟಿ ನೋಡುವ ಕೈ, ಇವೆಲ್ಲ ಕೂಡಿದರೆ ಊರು. ಮನೆ ಅವುಗಳಲ್ಲಿ ಒಂದು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗಿಯೋ ಅಧಿಕಾರಿಗಳಾಗಿಯೋ ಇಂತಹ ನಕ್ಷೆಗಳ ಮುಂದೆ ಕುಳಿತಾರು. ನಿವೇಶನಗಳನ್ನು ಎಣಿಸುವ ಮುನ್ನ ಅವರು ಒಂದು ಲೆಕ್ಕವನ್ನು ಮಾಡಲಿ: ಇಲ್ಲಿಂದ ಹೊರಟ ಕೂಲಿಕಾರನು ಅರ್ಧ ಗಂಟೆಯಲ್ಲಿ ಎಲ್ಲಿಗೆ ಮುಟ್ಟುವನು?